ಮೂರು ವರ್ಷ ಎಂಟು ತಿಂಗಳು

ಫೋನ್ ಬಡಿದುಕೊಂಡಿತು. ಅವಳು ಕೈಯೊರೆಸಿಕೊಂಡು ಬರುವಷ್ಟರಲ್ಲಿ ಮಗಳು ಓಡಿಹೋಗಿ ಅದನ್ನು ಎತ್ತಿಕೊಂಡು, ಒಂದು ಮಾತೂ ಆಡದೆ, ನೇರ ಅಜ್ಜಿಯ ಕೈಗೆ ಕೊಟ್ಟಳು.

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಅದು. ಗಂಡನನ್ನು ಮಣ್ಣು ಮಾಡಿ ಎಂಟು ದಿನವಾಗಿತ್ತು. ಅವನು ಲಿಫ್ಟ್ ಮೆಕ್ಯಾನಿಕ್. ಕೆಲಸದ ನಡುವೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಮಗಳು ಹೀಗೆ ಫೋನಿಗೆ ಓಡುವುದನ್ನು ಅವಳು ನೋಡಿದ್ದು ಇದು ನಾಲ್ಕನೆಯ ಸಲ. ತಾಯಿ ಕಲಿತ ವಿದ್ಯೆಯಲ್ಲಿ ಇದಕ್ಕೊಂದು ಹೆಸರಿದೆ: ಹುಡುಕಾಟ. ಕಾಣದಾದವರ ದನಿಗಾಗಿ ಮಗು ಕಾಯುತ್ತದೆ.

ಅವಳು ಮನಶ್ಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸಿ, ಐದು ವರ್ಷದೊಳಗಿನ ಮಕ್ಕಳ ಕ್ಲಿನಿಕ್ಕಿನಲ್ಲಿ ಎರಡನೆಯ ವರ್ಷದ ತರಬೇತಿಯಲ್ಲಿದ್ದಳು. ಇನ್ನೂ ಓದುವುದೇ, ಮಗಳೂ ನೀನೂ ಒಟ್ಟಿಗೇ ಪಾಸಾಗುತ್ತೀರೇನೋ ಎಂದು ಅತ್ತೆ ಹಿಂದೆಲ್ಲ ಚುಚ್ಚುತ್ತಿದ್ದರು. ಮನೆಯಲ್ಲಿ ಸಾವಾದವರು ಕ್ಲಿನಿಕ್ಕಿಗೆ ಬಂದರೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು. ಮಗುವಿಗೆ 'ಮಲಗಿದ್ದಾರೆ' ಅನ್ನಬೇಡಿ, 'ಊರಿಗೆ ಹೋಗಿದ್ದಾರೆ' ಅನ್ನಬೇಡಿ. 'ಸತ್ತಿದ್ದಾರೆ' ಎಂದೇ ಹೇಳಿ.

ಗಂಡ ಸತ್ತ ದಿನ ಪಕ್ಕದ ಮನೆಯಲ್ಲಿದ್ದ ಮಗಳು ಸಂಜೆ ಬಂದು ಅಪ್ಪ ಎಲ್ಲಿ ಎಂದು ಕೇಳಿದಾಗ, ಅವಳ ಬಾಯಿಂದ ಬಂದದ್ದು: "ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾರೆ. ಬರ್ತಾರೆ."

ಮಾರನೆಯ ದಿನದಿಂದ ಮಗಳು ಕೇಳಲೇ ಇಲ್ಲ. ನಂಬಿಬಿಟ್ಟಿದ್ದಳು. ನಂಬಿದ ಮಗುವಿನ ಮುಂದೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅತ್ತೆಗೆ ಮಾತ್ರ ಎಚ್ಚರಿಸಿದ್ದಳು. "ನೀವು ಏನೂ ಹೇಳ್ಬೇಡಿ ಅತ್ತೆ. ಇದಕ್ಕೊಂದು ರೀತಿ ಇದೆ. ನಾನೇ ಹೇಳ್ತೀನಿ."

"ನಾನಿನ್ನೇನು ಹೇಳಲಿ," ಎಂದಿದ್ದರು ಅತ್ತೆ, ಗೋಡೆಯ ಕಡೆ ತಿರುಗಿ. "ಹೇಳೋದೆಲ್ಲ ಮುಗೀತಲ್ಲ."

ತಿಂಡಿಗೆ ಅವಳ ಕೈ ತನ್ನ ಪಾಡಿಗೆ ನಾಲ್ಕು ತಟ್ಟೆ ಇಟ್ಟಿತು. ಅತ್ತೆ ಕಣ್ಣು ತಗ್ಗಿಸಿದರು. ಮಗಳು ನಾಲ್ಕನೆಯದನ್ನು ಸರಕ್ಕನೆ ತನ್ನ ಕಡೆ ಎಳೆದುಕೊಂಡಳು. ಇದು ನನ್ನ ಬೊಂಬೆಗೆ ಎಂದಳು. ಅಪ್ಪನ ಜಾಗ ಬರಿದಾಗದಂತೆ ಕಾಯುತ್ತಿದ್ದಾಳೆ ಎಂದುಕೊಂಡಳು ತಾಯಿ. ಇಂಥದನ್ನು ಎಷ್ಟೋ ಕಡತಗಳಲ್ಲಿ ಬರೆದಿದ್ದಳು.

"ಅಪ್ಪ ಬರೋದು ಇನ್ನೂ ಸ್ವಲ್ಪ ತಡ ಆಗುತ್ತೆ, ಪುಟ್ಟಿ."

ಮಗಳು ಅಜ್ಜಿಯ ಮುಖ ನೋಡಿದಳು. ಆಮೇಲೆ ತಾಯಿಯ ಕೆನ್ನೆ ಸವರಿದಳು. "ಆಗ್ಲಿ ಬಿಡಮ್ಮ."

ಕ್ಲಿನಿಕ್ಕಿನಲ್ಲಿ ಅವಳ ಮೇಜಿನ ಮೇಲೆ ಎರಡು ಬೊಂಬೆ, ಒಂದು ಬುಟ್ಟಿ, ಒಂದು ಡಬ್ಬಿ ಇದ್ದವು. ಒಂದು ಬೊಂಬೆ ಚೆಂಡನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತದೆ. ಇನ್ನೊಂದು ಅದನ್ನು ಡಬ್ಬಿಗೆ ಹಾಕುತ್ತದೆ. ಮೊದಲ ಬೊಂಬೆ ಬಂದು ಚೆಂಡನ್ನು ಎಲ್ಲಿ ಹುಡುಕುತ್ತದೆ? ನಾಲ್ಕು ತುಂಬದ ಮಕ್ಕಳು ಸಾಮಾನ್ಯವಾಗಿ ಡಬ್ಬಿ ತೋರಿಸುತ್ತವೆ. ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಎನ್ನುವ ವಯಸ್ಸು ಅದು. ಹೋದ ತಿಂಗಳು ಇವನ್ನು ಮನೆಗೆ ಒಯ್ದು ಮಗಳಿಗೆ ಕೇಳಿದ್ದಳು. ಮಗಳು ಡಬ್ಬಿಯನ್ನೇ ತೋರಿಸಿದ್ದಳು. "ಅಪ್ಪನ ಮಗಳು," ಎಂದು ಗಂಡ ನಕ್ಕಿದ್ದ. "ನಿನ್ನ ಮನಸ್ಸಲ್ಲಿ ಏನಿದೆ ಅಂತ ನನಗೂ ಇವತ್ತಿನವರೆಗೆ ಗೊತ್ತಾಗಿಲ್ಲ." ಅವಳು ಹಾಳೆಯಲ್ಲಿ ಮಗಳ ವಯಸ್ಸು 'ಮೂರು ವರ್ಷ ಎಂಟು ತಿಂಗಳು' ಎಂದು ಬರೆದು, ಪಕ್ಕದಲ್ಲಿ 'ಇನ್ನೂ ಇಲ್ಲ' ಎಂದು ಗುರುತು ಹಾಕಿದ್ದಳು.

ತರಬೇತಿ ಕೊಡುವ ಹಿರಿಯ ವೈದ್ಯೆ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದರು. ಮನೆಯಲ್ಲಿ ಮಗುವಿಗೆ ಹೇಳಿದೆಯಾ ಎಂದು ಕೇಳಿದರು. ಅವಳು ತಲೆಯಾಡಿಸಿದ ರೀತಿಯಲ್ಲೇ ಉತ್ತರ ಸಿಕ್ಕಿತು.

"ಹಾಗಾದ್ರೆ ಇವತ್ತು ನಿನಗೆ ಯಾವ ಮಗೂನೂ ಕೊಡಲ್ಲ. ಮನೆಗೆ ಹೋಗು. ಅವಳು ಅದನ್ನ ಬೇರೆಯವರ ಬಾಯಿಂದ ಕೇಳಿದ್ರೆ, ಮುಂದೆ ನಿನ್ನ ಯಾವ ಮಾತನ್ನೂ ನಂಬಲ್ಲ. ಆಗ ಅವಳಿಗೆ ಅಪ್ಪನೂ ಇರಲ್ಲ, ನೀನೂ ಇರಲ್ಲ."

ಬಸ್ಸಿನಲ್ಲಿ ಕೂತು ಅವಳು ವಾಕ್ಯ ಜೋಡಿಸಿದಳು. ಅಪ್ಪನ ಮೈ ಕೆಲಸ ಮಾಡುವುದನ್ನು ನಿಲ್ಲಿಸಿತು. ಅಪ್ಪ ಸತ್ತರು. ಇನ್ನು ಬರುವುದಿಲ್ಲ. ಮೂರೇ ವಾಕ್ಯ. ಇವತ್ತು ಸಂಜೆ ಹೇಳಬೇಕು. ಅಲ್ಲಿಯವರೆಗೆ ಬೇರೆ ಯಾರೂ ಬಾಯಿಬಿಡಬಾರದು. ನೆರೆಯವರನ್ನು ಅತ್ತೆ ನೋಡಿಕೊಳ್ಳುತ್ತಾರೆ. ಉಳಿದದ್ದು ನರ್ಸರಿ. ಸೋಮವಾರದಿಂದ ಮಗಳನ್ನು ಅಲ್ಲಿಗೆ ಬಿಟ್ಟು ಕರೆತರುತ್ತಿದ್ದವರು ಅತ್ತೆಯೇ. ಅಲ್ಲಿನ ಟೀಚರ್‌ಗೆ ಹೇಗೂ ಒಂದು ಕೊಡೆ ವಾಪಸು ಕೊಡಬೇಕಿತ್ತು. ಹಿಂದೊಮ್ಮೆ ಮಗಳನ್ನು ಕರೆತರಲು ಹೋದ ಗಂಡ ಮಳೆಗೆ ಸಿಕ್ಕಿಕೊಂಡು ಕೇಳಿ ತಂದಿದ್ದ. ಮನೆಗೆ ಹೋಗಿ ಅದನ್ನು ತೆಗೆದುಕೊಂಡು ಹೊರಟಳು.

ಮಧ್ಯಾಹ್ನದ ಹೊತ್ತು. ಚಾಪೆಗಳ ಮೇಲೆ ಮಕ್ಕಳು ಸಾಲಾಗಿ ಮಲಗಿದ್ದವು. ಮಗಳು ಕಿಟಕಿಯ ಬಳಿ, ಬಾಯಿ ತೆರೆದು, ಥೇಟ್ ಅಪ್ಪನಂತೆ.

ಅವಳು ಕೊಡೆ ಚಾಚಿದಳು. "ನಮ್ಮ ಮನೆಯವರು ತಗೊಂಡು ಬಂದಿದ್ರು." ಆಮೇಲೆ ಪಿಸುದನಿಯಲ್ಲಿ ಉಳಿದದ್ದೆಲ್ಲ ಹೇಳಿದಳು. ಮಗುವಿಗೆ ಏನೂ ಗೊತ್ತಿಲ್ಲ, ಈ ಒಂದು ದಿನ ಯಾರೂ ಏನೂ ಹೇಳದಂತೆ ನೋಡಿಕೊಳ್ಳಿ, ಸಂಜೆ ತಾನೇ ಕೂರಿಸಿಕೊಂಡು ಹೇಳುತ್ತೇನೆ ಎಂದಳು.

ಟೀಚರ್ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮಲಗಿದ್ದ ಮಗುವಿನ ಕಡೆ ನೋಡಿದರು. 

"ಸೋಮವಾರ ಬಂದವಳೇ ನಮ್ಮನ್ನೆಲ್ಲ ಹತ್ತಿರ ಕರೆದು, ಗುಟ್ಟು ಅಂತ ಹೇಳಿದ್ಲು ಮೇಡಂ. 'ನಮ್ಮಪ್ಪ ಸತ್ತುಹೋದ್ರು, ಅಜ್ಜಿ ಹೇಳಿದ್ರು. ಪಾಪ, ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಯಾರೂ ಹೇಳ್ಬೇಡಿ.'"