ಹಿಮದ ಮೇಲೆ ಅರಿಶಿನ

ವಿನಿಪೆಗ್‌ನ ಈ ಚಳಿಗಾಲದಲ್ಲಿ ಬಾಗಿಲ ಮುಂದೆ ಹಿಟ್ಟಿನ ರಂಗೋಲಿ ಹಾಕಿದರೆ ಹಿಮದ ಮೇಲೆ ಕಾಣುವುದೇ ಇಲ್ಲ. ಅದಕ್ಕೇ ನಾನು ಅರಿಶಿನದಲ್ಲಿ ಹಾಕುತ್ತೇನೆ. ನಾಲ್ಕು ದಿನದಿಂದ ಮಗಳು ಅದನ್ನು ಸಲಿಕೆಯಿಂದ ಕೆರೆದು ಹಾಕುತ್ತಿದ್ದಾಳೆ. ಯಾಕೆ ಎಂದು ಕೇಳಿದರೆ ಸಲಿಕೆ ಒರಗಿಸಿ ಒಳಗೆ ಹೋಗಿಬಿಡುತ್ತಾಳೆ.

ಇಂದು ಬೆಳಿಗ್ಗೆ ಎದುರುಮನೆಯ ವಾರಿಜಾಳನ್ನು ಕರೆದಳು. ಈ ಬೀದಿಯಲ್ಲಿ ನಮ್ಮನ್ನು ಬಿಟ್ಟರೆ ಕನ್ನಡದವಳು ಅವಳೊಬ್ಬಳೇ.

“ಆಂಟಿ, ದಿನಾ ನಮ್ಮನೆ ಮುಂದೆ ಯಾಕೆ ರಂಗೋಲಿ ಹಾಕ್ತೀರಾ?”

“ನಾನ್ಯಾಕೆ ಹಾಕ್ಲಿ? ನೋಡೇ, ಸುತ್ತ ಒಂದು ಹೆಜ್ಜೆಗುರುತೂ ಇಲ್ಲ.”

“ನಾನೇ ಕಣೇ ಹಾಕಿದ್ದು,” ಎಂದೆ.

ಮಗಳು ನನ್ನ ಕಡೆ ನೋಡಲೇ ಇಲ್ಲ.

“ಅಮ್ಮ ತೀರ್ಕೊಂಡು ಇವತ್ತಿಗೆ ಐದೇ ದಿನ, ಆಂಟಿ. ಸಾವಾದ ಮನೆ ಮುಂದೆ ರಂಗೋಲಿ ಹಾಕ್ಬಾರ್ದು ಅಂತ ನಂಗೆ ಹೇಳ್ಕೊಟ್ಟೋಳೇ ಅವಳು.”