ಬಿಳಿ ಪಥ್ಯ

"ಅಕ್ಕ, ಬೇಜಾರು ಮಾಡ್ಕೋಬೇಡಿ. ಇನ್ನು ಮೇಲೆ ಹಿರಿಯ ಟೇಸ್ಟರ್ ಫೋಟೋ ಟೀ ಪ್ಯಾಕೆಟ್ಟಿನ ಮೇಲೆ ಬರುತ್ತೆ. ಈ ಹಲ್ಲಿಟ್ಕೊಂಡು ಹೇಗೆ?" ಅಂದ ಚಿಕ್ಕ ಯಜಮಾನ.

ಕೇಳಿದ್ದು ಯಾರನ್ನ? ಇಪ್ಪತ್ತೆರಡು ವರ್ಷದಿಂದ ಅದೇ ಕಂಪನಿಯಲ್ಲಿ ದಿನಕ್ಕೆ ಇನ್ನೂರು ಕಪ್ ಟೀ ಚಮಚದಲ್ಲಿ ಸೊರ್ ಅಂತ ಎಳೆದು, ನಾಲಿಗೆ ಮೇಲೆ ಹೊರಳಿಸಿ, ಉಗಿದು, ಯಾವ ಸರಕು ಪೇಟೆಗೆ ಹೋಗಬೇಕು ಯಾವುದು ವಾಪಸ್ ಹೋಗಬೇಕು ಅಂತ ಹೇಳುತ್ತ ಬಂದವಳನ್ನ! ಅವಳ ಸಹಿ ಬೀಳದೆ ಗೋದಾಮಿನಿಂದ ಒಂದು ಚೀಲವೂ ಹೊರಡುತ್ತಿರಲಿಲ್ಲ. ಅಂಥವಳ ಹಲ್ಲು ಕಂದು ಬಣ್ಣಕ್ಕೆ ತಿರುಗದೆ ಮುತ್ತಿನ ಹಾಗೆ ಹೊಳೆಯಬೇಕಿತ್ತೇನು? ಈ ಮಹಾಶಯ ಏಸಿ ರೂಮಿನಲ್ಲಿ ಕಾಲು ಚಾಚಿ ಕೂತಿರುವುದೇ ಆ ಹಲ್ಲುಗಳ ಕೃಪೆಯಿಂದ.

"ಟೀ ಕುಡಿದ್ರೆ ಹಲ್ಲು ಹೀಗಾಗುತ್ತೆ ಅಂತ ಜನ ಹೆದರ್ಕೊಂಡ್ರೆ ಏನ್ಮಾಡೋದು, ಅಕ್ಕ?"

"ಆಗೋದು ನಿಜ ತಾನೆ? ಆಗಲ್ಲ ಅಂತ ಸುಳ್ಳು ಹೇಳ್ಬೇಕಾ?"

"ಏನೂ ಹೇಳ್ಬೇಡಿ. ಬೆಳ್ಳಗೆ ಮಾಡಿಸ್ಕೊಂಡು ಬಂದು ಸುಮ್ನೆ ನಕ್ಕರೆ ಸಾಕು."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ನುಂಗಿಕೊಂಡಳು. ಹಳೆಯ ಹಿರಿಯ ಟೇಸ್ಟರ್ ಹೋದ ತಿಂಗಳಷ್ಟೇ ನಿವೃತ್ತನಾಗಿದ್ದ. ಟೀ ರುಚಿ ಬಲ್ಲವರು ಅಂತ ಕಂಪನಿಯಲ್ಲಿ ಉಳಿದದ್ದು ಅವಳೊಬ್ಬಳೇ. ಇಷ್ಟು ವರ್ಷ ಕಾದ ಹುದ್ದೆ ಕೈಗೆ ಬರುವ ಹೊತ್ತಿನಲ್ಲಿ, ಹಾಳಾದ್ದು, ಹಲ್ಲಿಗೋಸ್ಕರ ಬಿಟ್ಟುಕೊಡುವುದೇ?

ದಂತವೈದ್ಯೆ ಬಾಯೊಳಗೆ ಲೈಟು ಬಿಟ್ಟು ನೋಡಿದಳು. "ದಿನಕ್ಕೆ ಎಷ್ಟು ಕಪ್ ಟೀ?"

"ಇನ್ನೂರು."

"ತಮಾಷೆ ಬಿಡಿ."

"ತಮಾಷೆ ಅಲ್ಲ ಕಣಮ್ಮ, ಹೊಟ್ಟೆಪಾಡು."

ಮುಕ್ಕಾಲು ಗಂಟೆ ಬಾಯಿ ತೆರೆದುಕೊಂಡು ಕೂತದ್ದಾಯಿತು. ಹಲ್ಲೇನೋ ಬೆಳ್ಳಗಾಯಿತು, ಕನ್ನಡಿಯಲ್ಲಿ ಯಾರೋ ಬೇರೆಯವರು ನಕ್ಕಂತೆ. ಆದರೆ ಜೊತೆಗೊಂದು ಪಥ್ಯ ಅಂಟಿಕೊಂಡಿತು. ಎರಡು ದಿನ ಹಲ್ಲು ಬಣ್ಣವನ್ನು ಬೇಗ ಹೀರಿಕೊಳ್ಳುತ್ತದಂತೆ. ಅದಕ್ಕೆ ಬರೀ ಬಿಳಿ ಪದಾರ್ಥ: ಹಾಲು, ಅನ್ನ, ಬಾಳೆಹಣ್ಣು, ಸಿಪ್ಪೆ ತೆಗೆದ ಸೇಬು. ಬೀಟ್‌ರೂಟು, ಕಪ್ಪು ದ್ರಾಕ್ಷಿ, ಕಾಫಿ ಮುಟ್ಟುವ ಹಾಗಿಲ್ಲ. ಟೀಯಂತೂ ಹತ್ತಿರ ಸುಳಿಯಬಾರದು. "ಆಮೇಲೂ ಟೀ ಕುಡಿಯೋದಾದ್ರೆ ಸ್ಟ್ರಾದಲ್ಲಿ ಕುಡೀರಿ, ತಕ್ಷಣ ನೀರಲ್ಲಿ ಬಾಯಿ ಮುಕ್ಕಳಿಸಿ" ಅಂದಳು ವೈದ್ಯೆ. ಸ್ಟ್ರಾ ಹಾಕಿಕೊಂಡು ಟೀ ರುಚಿ ನೋಡಬೇಕಂತೆ! ಮನೆಯಲ್ಲಿ ಹಾಲು ಅನ್ನ ಕಲಸಿಕೊಂಡು ಕೂತರೆ ಗಂಡ, "ಯಾರ ಮನೆ ಪಾಪು ಇದು?" ಅಂತ ಛೇಡಿಸಿದ. ತಟ್ಟೆ ಕುಕ್ಕಿ ಎದ್ದುಹೋದಳು.

ಪಥ್ಯದ ಎರಡನೇ ದಿನವೇ ಚಿಕ್ಕ ಯಜಮಾನ ಫೋಟೋದವನನ್ನು ಕರೆಸಿದ್ದ. ರುಚಿ ನೋಡುವ ಕೋಣೆಯಲ್ಲಿ ಉದ್ದನೆಯ ಮೇಜಿನ ಮೇಲೆ ಟೀ ಕಪ್ಪುಗಳ ಸಾಲು ಹಬೆಯಾಡುತ್ತಿತ್ತು. ಹೊಸ ಪ್ಯಾಕೆಟ್ಟಿಗೆ ತುಂಬಬೇಕಾದ ಮುನ್ನೂರು ಚೀಲ ಸರಕಿನ ಮಾದರಿ ಅದು.

"ಅಕ್ಕ, ಮೊದ್ಲು ಇಲ್ಲೊಂದು ಸಹಿ ಹಾಕ್ಬಿಡಿ, ಲಾರಿ ಕಾಯ್ತಿದೆ. ಆಮೇಲೆ ಫೋಟೋ."

"ರುಚಿ ನೋಡ್ದೇನೇ?"

"ಡಾಕ್ಟ್ರು ಬೇಡ ಅಂದಿಲ್ವಾ? ಸುಮ್ನೆ ಮೂಸಿ ನೋಡಿ ಸಾಕು. ಎಲ್ಲಾ ಒಂದೇ ತೋಟದ್ದು."

ನಾಲಿಗೆಗೆ ತಾಗದ ಸರಕಿಗೆ ಅವಳು ಒಂದು ಸಲವೂ ಸಹಿ ಹಾಕಿದವಳಲ್ಲ. ಜ್ವರ ಬಂದು ಬಾಯಿ ಕೆಟ್ಟಾಗ ರಜೆ ಹಾಕಿದ್ದಳೇ ಹೊರತು ಸಹಿ ಹಾಕಿರಲಿಲ್ಲ. ಈ ಮನುಷ್ಯ ಅದನ್ನೇ ಹಲ್ಲು ಉಜ್ಜುವಷ್ಟು ಸಲೀಸಾಗಿ ಕೇಳುತ್ತಿದ್ದಾನಲ್ಲ! ಸಿಟ್ಟು ನೆತ್ತಿಗೇರಿತು. ಚಮಚ ಎತ್ತಿಕೊಂಡಳು.

"ಅಯ್ಯೋ ಅಕ್ಕ, ಹಲ್ಲು!" ಅಂತ ಅವನು ಕೈ ಹಿಡಿಯಲು ಬಂದ.

"ಕೈ ತೆಗೀರಿ."

ಸೊರ್ ಅಂತ ಎಳೆದಳು, ಉಗಿದಳು. ಇನ್ನೊಂದು. ಮೂರನೆಯದಕ್ಕೆ ಮುಖ ಕಿವುಚಿದಳು. ಖಾತ್ರಿ ಮಾಡಿಕೊಳ್ಳಲು ಮತ್ತೊಮ್ಮೆ ಎಳೆದಳು. "ಮುಗ್ಗಿದೆ. ಎಲ್ಲೋ ಚೀಲಕ್ಕೆ ನೀರು ಹೊಕ್ಕಿದೆ. ಇದು ಜನ ಕುಡಿಯೋ ಟೀ ಅಲ್ಲ, ವಾಪಸ್ ಕಳಿಸಿ."

"ವಾಪಸ್ಸಾ? ಪ್ಯಾಕೆಟ್ ಬಿಡುಗಡೆಗೆ ದಿನ ಗೊತ್ತು ಮಾಡಾಗಿದೆ! ನಿಮ್ಗೆ ಆ ಹುದ್ದೆ ಬೇಕೋ ಬೇಡ್ವೋ?"

"ಬೇಕಿತ್ತು ಕಣ್ರೀ! ಬೇಕಿತ್ತು ಅಂತಾನೇ ಮಾನ ಬಿಟ್ಟು ಹಾಲು ಅನ್ನ ತಿಂದೆ. ಆದ್ರೆ ಈ ಸರಕಿಗೆ ನನ್ನ ಸಹಿ ಸತ್ರೂ ಬೀಳಲ್ಲ. ನಂಬಿಕೆ ಇಲ್ದಿದ್ರೆ ನೀವೇ ಕುಡಿದು ನೋಡಿ." ಮೂರನೇ ಕಪ್ಪನ್ನು ಅವನ ಮುಂದೆ ತಳ್ಳಿದಳು. ಟೀ ಮೇಜಿನ ಮೇಲೆಲ್ಲ ತುಳುಕಿತು.

ಚಿಕ್ಕ ಯಜಮಾನ ಅವಳನ್ನೇ ದುರುಗುಟ್ಟಿ ನೋಡುತ್ತ ಕಪ್ಪೆತ್ತಿದ. ಗಟಗಟನೆ, ಒಂದು ಹನಿ ಬಿಡದೆ ಕುಡಿದ. ರಿಜಿಸ್ಟರು ಎಳೆದುಕೊಂಡು ತಾನೇ ಸಹಿ ಗೀಚಿದ. ಅವಳು ಏಪ್ರನ್ ಬಿಚ್ಚಿ ಮೇಜಿನ ಮೇಲೆ ಬಿಸಾಕಿದಳು.

"ಚೆನ್ನಾಗೇ ಇದೆಯಲ್ರೀ!" ಅಂತ ಅವನು ಖಾಲಿ ಕಪ್ ಹಿಡಿದು, ಬೆಳ್ಳನೆಯ ಹಲ್ಲು ಅಷ್ಟೂ ಕಾಣುವ ಹಾಗೆ ನಕ್ಕ.

ಫೋಟೋದವನು ಥಟ್ಟನೆ ಕ್ಯಾಮೆರಾ ಅವನತ್ತ ತಿರುಗಿಸಿದ. "ಸಾರ್, ಅಲುಗಾಡ್ಬೇಡಿ. ಪ್ಯಾಕೆಟ್ಟಿಗೆ ಇದೇ ನಗು."