ಕಣ್ಣಳತೆಯ ತವರು

ದೂರದಿಂದ ನೋಡಿದಷ್ಟೂ ಊರುಗಳು ಸವೆಯತೊಡಗಿದ ಮೇಲೆ, ಗುಡ್ಡಕ್ಕೆ ಬಂದವರೆಲ್ಲ ಕಣಿವೆಗೆ ಬೆನ್ನು ಹಾಕಿ ಕೂತು ಮಂಡಕ್ಕಿ ತಿನ್ನುವುದೇ ರೂಢಿ. ವೀಕ್ಷಣಾ ಗೋಪುರ ಹತ್ತಿ ನೋಡುವ ಪಾಳಿ ಮನೆಗೊಬ್ಬರಿಗೆ, ವರ್ಷಕ್ಕೊಮ್ಮೆ. ಈ ಸಲ ಹುಲಿಗೆಮ್ಮನದು.

ಅವಳ ತವರುಮನೆಯನ್ನು ಅಕ್ಕಂದಿರು ತಮ್ಮ ತಮ್ಮ ಪಾಳಿ ಬಂದಾಗಲೆಲ್ಲ ಪ್ರೀತಿಯಿಂದ ನೋಡಿ ನೋಡಿಯೇ ಮುಗಿಸಿದ್ದರು. ಹೆಂಚು ಹೋಗಿತ್ತು, ಗೋಡೆ ಹೋಗಿತ್ತು. ಸತ್ತ ಅವ್ವ ನೆಟ್ಟಿದ್ದ ಬೇವಿನ ಮರವೊಂದು ಉಳಿದಿತ್ತು, ಅದೂ ಇನ್ನೊಂದು ನೋಟಕ್ಕಾಗುವಷ್ಟು.

“ಪಾಳಿ ಹಾಳು ಮಾಡಬ್ಯಾಡ, ಹತ್ತು,” ಎಂದ ಗಂಡ ದೊಡ್ಡಬಸಪ್ಪ, ಮಿರ್ಚಿ ಕಚ್ಚುತ್ತ. “ಕೊನೀ ಸಲ ಕಣ್ತುಂಬ ನೋಡ್ಕಂಡ್ ಬಾ.”

ಹತ್ತಿದಳು. ಎದೆಯಲ್ಲಿ ಏನೂ ಆಗಲಿಲ್ಲ. ಮೊಣಕಾಲು ಮಾತ್ರ ನೋಯಿತು. ತವರಿನ ದಿಕ್ಕಿಗೆ ಮುಖವನ್ನೇ ತಿರುಗಿಸದೆ, ವಾರಗಿತ್ತಿ ಕಟ್ಟಿಸಿದ್ದ ಹೊಸ ಮಹಡಿಮನೆಯನ್ನು ಹುಡುಕಿ, ಕಾವಲುಗಾರ ಸೀಟಿ ಊದುವವರೆಗೂ ರೆಪ್ಪೆ ಬಡಿಯದೆ ನೋಡಿದಳು.

ಇಳಿದು ಬಂದಾಗ ಗಂಡ ತಲೆ ಎತ್ತದೆ ಕೇಳಿದ: “ಬೇವಿನ ಗಿಡ ಐತೇನು?”

“ಐತಿ. ನಿಮ್ಮ ತಮ್ಮನ ಮನೀದು ಮ್ಯಾಲಿನ ಮಹಡಿ ಒಂದೀಟು ತೆಳ್ಳಗಾತು.”

ದೊಡ್ಡಬಸಪ್ಪ ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿದ.

“ಮುಂದಿನ ವರ್ಷ ನನ್ನ ಪಾಳಿ ಅಲ್ಲೇನು,” ಎಂದ. “ಕೆಳಗಿನ ಮಹಡಿ ನಾ ನೋಡ್ತೀನಿ.”